ಬೂಸ್ಟು ಹಿಡಿದ ಶೇಂಗಾದಿಂದ ಕ್ಯಾನ್ಸರ್ ಬರುತ್ತಾ? ಇಲಿಗಳ ಮೇಲಿನ ಪ್ರಯೋಗ ನಿಜಕ್ಕೂ ಹೇಳುವುದೇನು?

ಶೇಂಗಾ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಮೆಸೇಜ್‌ಗಳು ಓಡಾಡುತ್ತವೆ. ಮೊದಲನೆಯದು ಹೆದರಿಸುವಂಥದ್ದು: "ಶೇಂಗಾದಲ್ಲಿ ಕ್ಯಾನ್ಸರ್ ವಿಷ ಇದೆ, ಇಲಿಗಳ ಮೇಲೆ ಸಾಬೀತಾಗಿದೆ, ಇವತ್ತೇ ತಿನ್ನೋದು ಬಿಡಿ." ಎರಡನೆಯದು ಅದಕ್ಕೆ ಬರುವ ಉತ್ತರ: "ಇಲಿಗೆ ಆದರೆ ನಮಗೇನು? ನಮ್ಮಜ್ಜ ಹೊಲದಾಗಿನ ಶೇಂಗಾ ತಿಂದೇ ತೊಂಬತ್ತು ವರ್ಷ ಬದುಕಿದ."

ಅಡರಕಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಶೇಂಗಾ ಎಂದರೆ ಬರೀ ಹುರಿದು ತಿನ್ನುವ ಕಾಳಲ್ಲ. ಅದು ಹೊಲದ ಬೆಳೆ, ರೊಟ್ಟಿ ಜೊತೆಗಿನ ಚಟ್ನಿಪುಡಿ, ಅಡುಗೆಯ ಎಣ್ಣೆ, ದನಕ್ಕೆ ಹಾಕುವ ಹಿಂಡಿ. ಹಾಗಾಗಿ ಈ ಎರಡು ಮೆಸೇಜ್‌ಗಳಲ್ಲಿ ಯಾವುದು ಸರಿ ಎಂದು ನೋಡಲೇಬೇಕಾಯಿತು. ಎರಡೂ ಅರ್ಧ ಮಾತ್ರ ಸರಿ.

ಒಂದೇ ಮಾತಿನಲ್ಲಿ ಹೇಳುವುದಾದರೆ

ಒಳ್ಳೆಯ ಶೇಂಗಾದಿಂದ ಕ್ಯಾನ್ಸರ್ ಬರುವುದಿಲ್ಲ. ಆದರೆ ಶೇಂಗಾಕ್ಕೆ ಹಿಡಿಯುವ ಒಂದು ಬಗೆಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತದೆ. ಅದು ಡಿಎನ್ಎ ಕೆಡಿಸುತ್ತದೆ ಎಂಬುದು ಇಲಿಗಳಲ್ಲೂ ಮನುಷ್ಯರಲ್ಲೂ ಸಾಬೀತಾಗಿದೆ. ಅಪಾಯ ಎಷ್ಟು ಎನ್ನುವುದು ಎಷ್ಟು ವಿಷ, ಎಷ್ಟು ವರ್ಷ, ಯಾವ ವಯಸ್ಸಿನಿಂದ ಎಂಬುದರ ಮೇಲೆ ನಿಂತಿದೆ. ಇದನ್ನು ತಡೆಯಲು ಶೇಂಗಾ ಬಿಡಬೇಕಿಲ್ಲ. ಸರಿಯಾಗಿ ಒಣಗಿಸಿ, ಕೆಟ್ಟ ಕಾಳನ್ನು ಆರಿಸಿ ತೆಗೆಯಬೇಕು.

ಈ ವಿಷ ಗೊತ್ತಾಗಿದ್ದು ಹೇಗೆ?

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಹುಡುಕುತ್ತಾ ಹೋದಾಗ ಆ ಕೋಳಿಗಳ ಮೇವಿನಲ್ಲಿದ್ದ, ಬ್ರೆಜಿಲ್‌ನಿಂದ ಬಂದಿದ್ದ ಶೇಂಗಾ ಹಿಂಡಿ ಸಿಕ್ಕಿತು. ಆ ಹಿಂಡಿಯಲ್ಲಿ ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಬೂಸ್ಟು ಬೆಳೆದಿತ್ತು. ಅದರ ಹೆಸರಿನಿಂದಲೇ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಮರುವರ್ಷವೇ ಅಂಥ ಹಿಂಡಿ ತಿಂದ ಪ್ರಯೋಗಾಲಯದ ಇಲಿಗಳಲ್ಲಿ ಲಿವರ್ ಗಡ್ಡೆಗಳು ಕಂಡವು.

ಇದು ಎಲ್ಲೋ ದೂರದ ಕಥೆಯಾಗಿ ಉಳಿಯಲಿಲ್ಲ. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ವಿಷ ಹಿಡಿದ ಶೇಂಗಾ ಹಿಂಡಿ ತಿಂದು ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಸ್ಟು ಹಿಡಿದ ಗೋವಿನಜೋಳ ತಿಂದ ಜನರಿಗೆ ಕಾಮಾಲೆ ಬಂತು. ವೈದ್ಯರು ದಾಖಲಿಸಿದ 397 ರೋಗಿಗಳಲ್ಲಿ 106 ಜನ ಸತ್ತರು. ಅದೇ ಮನೆಗಳ ನಾಯಿಗಳಿಗೂ ಅದೇ ರೋಗ ಬಂದಿತ್ತು. ಹೆಚ್ಚಿನವರು ಬಡ ಬುಡಕಟ್ಟು ಕುಟುಂಬದವರು. ಕೆಟ್ಟ ಜೋಳ ಬಿಟ್ಟರೆ ಮನೆಯಲ್ಲಿ ಬೇರೆ ಕಾಳು ಇರಲಿಲ್ಲ.

ಇದು ಒಮ್ಮೆಲೇ ತುಂಬಾ ವಿಷ ಹೊಟ್ಟೆಗೆ ಹೋದಾಗ ಆಗುವ ಅನಾಹುತ. ಕ್ಯಾನ್ಸರ್ ಕಥೆ ಬೇರೆ. ಅಲ್ಲಿ ವಿಷ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಕೆಲಸ ಡಿಎನ್ಎ ಒಳಗೆ ನಡೆಯುತ್ತದೆ.

ಡಿಎನ್ಎ ಒಳಗೆ ಆಗುವುದೇನು?

ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್ಎ ಎಂಬ ಉದ್ದನೆಯ ಬರಹವಿದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ತಾಯಿಯಿಂದ ಸುಮಾರು 300 ಕೋಟಿ, ತಂದೆಯಿಂದ ಸುಮಾರು 300 ಕೋಟಿ ಅಕ್ಷರಗಳು ಬಂದಿರುತ್ತವೆ. ಒಂದು ಜೀವಕೋಶ ಎರಡಾಗುವಾಗ ಈ ಬರಹವೆಲ್ಲ ನಕಲಾಗಬೇಕು.

ಹಿಂದೆ ಉತಾರವನ್ನು ಕೈಯಲ್ಲಿ ನಕಲು ಮಾಡುತ್ತಿದ್ದದ್ದನ್ನು ನೆನಪಿಸಿಕೊಳ್ಳಿ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ, ಆಮೇಲೆ ಅದನ್ನು ನೋಡಿ ತೆಗೆದ ಎಲ್ಲ ನಕಲುಗಳಲ್ಲೂ ಅದೇ ತಪ್ಪು. ಡಿಎನ್ಎಯಲ್ಲಿ ಹೀಗೆ ಕಾಯಂ ಆಗಿ ಉಳಿದ ಅಕ್ಷರದ ತಪ್ಪಿಗೇ ಮ್ಯುಟೇಶನ್ ಎನ್ನುತ್ತಾರೆ. ಜೀವಕೋಶದಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇದೆ, ಅದು ಬಹುಪಾಲು ತಪ್ಪುಗಳನ್ನು ತಿದ್ದುತ್ತದೆ. ತಿದ್ದುವ ಮೊದಲೇ ನಕಲು ಆಗಿಬಿಟ್ಟರೆ ತಪ್ಪು ಉಳಿಯುತ್ತದೆ. ಹಾಗೆ ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಜೀವಕೋಶದ ಬೆಳವಣಿಗೆಗೆ ಲಗಾಮು ಹಾಕುವ ಜೀನ್‌ಗಳಲ್ಲೇ ಕೆಲವು ತಪ್ಪುಗಳು ಸೇರಿಕೊಂಡರೆ ಆ ಜೀವಕೋಶ ಅಂಕೆ ಮೀರಿ ಬೆಳೆಯುತ್ತದೆ. ಅದೇ ಕ್ಯಾನ್ಸರ್.

ಅಫ್ಲಾಟಾಕ್ಸಿನ್ ಈ ಕೆಲಸದಲ್ಲಿ ಕೈ ಹಾಕುವ ರೀತಿ ವಿಚಿತ್ರ. ಹೊಟ್ಟೆಗೆ ಹೋದಾಗ ಅದು ಡಿಎನ್ಎಗೆ ನೇರವಾಗಿ ಅಂಟುವುದಿಲ್ಲ. ನಮ್ಮ ಲಿವರ್ ಅದನ್ನು ಹೊರಹಾಕಲು ಸುಲಭವಾಗಲಿ ಎಂದು ಅದರ ರೂಪ ಬದಲಿಸುತ್ತದೆ. ಹಾಗೆ ಬದಲಾದ ರೂಪವೇ ಹೆಚ್ಚು ಅಪಾಯಕಾರಿ. ಅದು ಡಿಎನ್ಎಯ ಜಿ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ನಕಲು ಮಾಡುವಾಗ ಆ ಜಿ ಸರಿಯಾಗಿ ಓದಲು ಬಾರದೆ, ಕೊನೆಗೆ ಅದರ ಜಾಗದಲ್ಲಿ ಟಿ ಬಂದು ಕೂರುತ್ತದೆ. ಇದು ಈ ವಿಷದ ಕೈಬರಹ ಇದ್ದಂತೆ. ಈ ಕೈಬರಹದ ಮಾತು ಮುಂದೆ ಮತ್ತೆ ಬರುತ್ತದೆ.

ವಿಷ ಇಲ್ಲದಿದ್ದರೂ ವಯಸ್ಸಾದಂತೆ ತಪ್ಪು ಸೇರುತ್ತದೆಯೇ?

ಸೇರುತ್ತದೆ. ಹೆದರಿಸುವ ಮೆಸೇಜ್‌ಗಳು ಈ ಮಾತನ್ನು ಹೇಳುವುದೇ ಇಲ್ಲ.

ಇದನ್ನು ಅಳೆಯಲು ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಮೌಸ್ ಎಂಬ ಚಿಕ್ಕ ಇಲಿಯ ಪ್ರತಿ ಜೀವಕೋಶದಲ್ಲೂ ಬ್ಯಾಕ್ಟೀರಿಯಾದ ಒಂದು ಜೀನ್ ಇರುವಂತೆ ತಳಿ ತಯಾರಿಸಿದರು. ಇಲಿಗೆ ಆ ಜೀನ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಇಲಿಯ ಯಾವ ಅಂಗದಿಂದ ಬೇಕಾದರೂ ಅದನ್ನು ಹೊರತೆಗೆದು ಎಷ್ಟು ತಪ್ಪು ಸೇರಿದೆ ಎಂದು ಎಣಿಸಬಹುದು. 1997ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದಲ್ಲಿ, ಇಲಿಗೆ ವಯಸ್ಸಾದಂತೆ ಲಿವರ್‌ನಲ್ಲಿ ಮ್ಯುಟೇಶನ್‌ಗಳು ಹೆಚ್ಚಿದವು, ಮಿದುಳಿನಲ್ಲಿ ಹಾಗೆ ಹೆಚ್ಚಲಿಲ್ಲ. ಅಂದರೆ ದೇಹದ ಎಲ್ಲ ಭಾಗಕ್ಕೂ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ.

2022ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಇನ್‌ಸ್ಟಿಟ್ಯೂಟ್‌ನವರು ಮನುಷ್ಯ, ಇಲಿ, ಸಿಂಹ, ಜಿರಾಫೆ ಸೇರಿ 16 ಜಾತಿಯ ಪ್ರಾಣಿಗಳ ಕರುಳಿನ ಜೀವಕೋಶಗಳನ್ನು ಹೋಲಿಸಿ ನೋಡಿದರು. ಮನುಷ್ಯನ ಒಂದು ಜೀವಕೋಶಕ್ಕೆ ವರ್ಷಕ್ಕೆ ಸುಮಾರು 47 ಹೊಸ ತಪ್ಪು ಸೇರಿದರೆ, ಚಿಕ್ಕ ಇಲಿಗೆ ವರ್ಷಕ್ಕೆ ಸುಮಾರು 800. ಇಲಿ ಬದುಕುವುದು ಕೆಲವೇ ವರ್ಷ, ಮನುಷ್ಯ ಎಂಬತ್ತು ವರ್ಷ. ಆಯುಷ್ಯ ಮುಗಿಯುವ ಹೊತ್ತಿಗೆ ಎರಡೂ ಪ್ರಾಣಿಗಳ ಜೀವಕೋಶದಲ್ಲಿ ಹೆಚ್ಚು ಕಡಿಮೆ ಅಷ್ಟಷ್ಟೇ ತಪ್ಪು ಸೇರಿರುತ್ತದೆ, ಸುಮಾರು ಮೂರು ಸಾವಿರದ ಆಸುಪಾಸು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಯಾವ ವಿಷವೂ ಸೋಕದವರಿಗೂ ಕ್ಯಾನ್ಸರ್ ಬರಬಹುದು. ಅದಕ್ಕೇ ಯಾರಿಗಾದರೂ ಕ್ಯಾನ್ಸರ್ ಬಂದಾಗ "ಏನು ತಿಂದಿದ್ದರೋ" ಎಂದು ಬೆರಳು ತೋರಿಸುವುದು ತಪ್ಪು. ಎರಡು, ವಯಸ್ಸು ತಾನಾಗಿ ಬರೆಯುವ ತಪ್ಪುಗಳ ಮೇಲೆ ವಿಷ ಇನ್ನಷ್ಟು ತಪ್ಪು ಸೇರಿಸುತ್ತದೆ. ವಯಸ್ಸು ತಡೆಯಲು ನಮ್ಮ ಕೈಲಾಗದು, ವಿಷ ತಡೆಯಲು ಆಗುತ್ತದೆ.

ಇಲಿಗಳ ಪ್ರಯೋಗದಲ್ಲಿ ಕಂಡದ್ದು ಎಷ್ಟು?

ಇನ್ನೊಂದು ಪ್ರಾಣಿ ರ್‍ಯಾಟ್, ಅಂದರೆ ದೊಡ್ಡ ಇಲಿ. ಅಮೆರಿಕದ ವಿಜ್ಞಾನಿ ಜೆರಾಲ್ಡ್ ವೋಗನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದೊಡ್ಡ ಇಲಿಗಳ ಗುಂಪುಗಳಿಗೆ ಬೇರೆ ಬೇರೆ ಪ್ರಮಾಣದ ಅಫ್ಲಾಟಾಕ್ಸಿನ್ ಇರುವ ಆಹಾರವನ್ನು ದೀರ್ಘಕಾಲ ಕೊಟ್ಟರು. ಲಿವರ್ ಕ್ಯಾನ್ಸರ್ ಬಂದ ಇಲಿಗಳ ಲೆಕ್ಕ ಹೀಗಿತ್ತು:

- ವಿಷ ಇಲ್ಲದ ಆಹಾರ: 18 ಇಲಿಗಳಲ್ಲಿ ಒಂದಕ್ಕೂ ಇಲ್ಲ
- ಕೆಜಿ ಆಹಾರಕ್ಕೆ 15 ಮೈಕ್ರೋಗ್ರಾಂ ವಿಷ: 21ರಲ್ಲಿ 4
- ಕೆಜಿಗೆ 50 ಮೈಕ್ರೋಗ್ರಾಂ: 25ರಲ್ಲಿ 20
- ಕೆಜಿಗೆ 100 ಮೈಕ್ರೋಗ್ರಾಂ: 28ಕ್ಕೆ 28

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. 15 ಮೈಕ್ರೋಗ್ರಾಂ ತಿಂದ 21 ಇಲಿಗಳಲ್ಲಿ 17ಕ್ಕೆ ಏನೂ ಆಗಲಿಲ್ಲ. ಆ 17 ಇಲಿಗಳಿಗೆ ಮಾತು ಬಂದಿದ್ದರೆ "ನಾವೂ ಅದನ್ನೇ ತಿಂದಿದ್ದೇವೆ, ನಮಗೇನೂ ಆಗಿಲ್ಲ" ಎಂದು ಮೆಸೇಜ್ ಹಾಕುತ್ತಿದ್ದವು. ಅವು ಹೇಳುವುದು ಸುಳ್ಳಲ್ಲ. ಆದರೆ ಉಳಿದ ನಾಲ್ಕರ ಲಿವರ್ ಕೆಟ್ಟಿದ್ದೂ ಸುಳ್ಳಲ್ಲ. ತೊಂಬತ್ತು ವರ್ಷ ಬದುಕಿದ ಅಜ್ಜನ ಉದಾಹರಣೆ ಅಜ್ಜನ ಬಗ್ಗೆ ಮಾತ್ರ ಹೇಳುತ್ತದೆ. ಅದೇ ಕಾಳು ತಿಂದ ಊರಿನ ಬಗ್ಗೆ ಹೇಳುವುದಿಲ್ಲ.

ಹೆದರಿಸುವ ಮೆಸೇಜ್‌ಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ವಿಷ ಹೆಚ್ಚಾದಂತೆ ರೋಗ ಹೆಚ್ಚಾಯಿತು, ಕಡಿಮೆಯಾದಂತೆ ಕಡಿಮೆಯಾಯಿತು. "ಇದೆಯೋ ಇಲ್ಲವೋ" ಎಂದು ಮಾತ್ರ ಕೇಳಿದರೆ ಸಾಲದು, "ಎಷ್ಟಿದೆ, ಎಷ್ಟು ದಿನ" ಎಂದೂ ಕೇಳಬೇಕು. ಯಾವತ್ತೋ ಒಂದು ಕಹಿ ಕಾಳು ಬಾಯಿಗೆ ಬಂತೆಂದು ನಿದ್ದೆಗೆಡಬೇಕಿಲ್ಲ.

ಇಲಿಗೆ ಬಂದರೆ ಮನುಷ್ಯರಿಗೂ ಬರುತ್ತದೆಯೇ?

ಯಾವಾಗಲೂ ಹಾಗಲ್ಲ. ಅಫ್ಲಾಟಾಕ್ಸಿನ್ ವಿಷಯದಲ್ಲೇ ದೊಡ್ಡ ಇಲಿಗೂ ಚಿಕ್ಕ ಇಲಿಗೂ ಅಜಗಜಾಂತರ. ಬೆಳೆದ ಚಿಕ್ಕ ಇಲಿಯ ಲಿವರ್‌ನಲ್ಲಿ ಈ ವಿಷವನ್ನು ಹಿಡಿದು ನಿರುಪದ್ರವಿ ಮಾಡುವ ಪ್ರಬಲ ಕಿಣ್ವವಿದೆ. ದೊಡ್ಡ ಇಲಿಯನ್ನು ಕೊಲ್ಲುವ ಪ್ರಮಾಣವನ್ನು ಅದು ತಡೆದುಕೊಳ್ಳುತ್ತದೆ. ಆದರೆ ಆಗ ತಾನೇ ಹುಟ್ಟಿದ ಮರಿಗಳಿಗೆ ಆ ರಕ್ಷಣೆ ಇನ್ನೂ ಬಂದಿರುವುದಿಲ್ಲ, ಅವುಗಳ ಲಿವರ್ ಜೀವಕೋಶಗಳೂ ಬೇಗ ಬೇಗ ನಕಲಾಗುತ್ತಿರುತ್ತವೆ. ಮರಿಗಳಿಗೆ ವಿಷ ಕೊಟ್ಟರೆ ದೊಡ್ಡವಾದ ಮೇಲೆ ಗಡ್ಡೆ ಬರುತ್ತದೆ.

ಅಮೆರಿಕದ ಎಂಐಟಿಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಮರಿಗಳಿಗೆ ಅಫ್ಲಾಟಾಕ್ಸಿನ್ ಕೊಟ್ಟು, ಹತ್ತು ವಾರದ ನಂತರ ಲಿವರ್‌ನ ಡಿಎನ್ಎ ಓದಿದರು. ಗಡ್ಡೆಯ ಸುಳಿವೂ ಇಲ್ಲದ ಆ ಹೊತ್ತಿಗಾಗಲೇ ಜಿ ಜಾಗದಲ್ಲಿ ಟಿ ಬರೆದ ಕೈಬರಹ ಸ್ಪಷ್ಟವಾಗಿ ಕಂಡಿತು. 72 ವಾರಗಳ ನಂತರ ಬಂದ ಗಡ್ಡೆಗಳಲ್ಲೂ ಅದೇ ಕೈಬರಹ ಉಳಿದಿತ್ತು. ಅಫ್ಲಾಟಾಕ್ಸಿನ್ ಹೆಚ್ಚಿರುವ ಪ್ರದೇಶಗಳ ಕೆಲವು ಲಿವರ್ ಕ್ಯಾನ್ಸರ್ ರೋಗಿಗಳ ಡಿಎನ್ಎಯಲ್ಲೂ ಅದಕ್ಕೆ ಹೋಲುವ ಬರಹವೇ ಸಿಕ್ಕಿತು.

ಮನುಷ್ಯರಲ್ಲಿ ಈ ಸುಳಿವು ಸಿಕ್ಕಿದ್ದು ಅದಕ್ಕಿಂತ ಮುಂಚೆಯೇ. ಪಿ53 ಎಂಬುದು ಜೀವಕೋಶದ ಕಾವಲುಗಾರ ಜೀನ್. 1991ರಲ್ಲಿ ಚೀನಾದ ಚಿಡಾಂಗ್ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಲಿವರ್ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿದ ಎರಡು ತಂಡಗಳಿಗೆ, ಆ ಜೀನ್‌ನ ಒಂದೇ ಜಾಗದಲ್ಲಿ, 249ನೇ ಸ್ಥಾನದಲ್ಲಿ, ಮತ್ತೆ ಮತ್ತೆ ಅದೇ ತಪ್ಪು ಕಂಡಿತು: ಜಿ ಹೋಗಿ ಟಿ. ಇಲಿಯ ಪ್ರಯೋಗ, ವಿಷದ ರಸಾಯನಶಾಸ್ತ್ರ, ರೋಗಿಗಳ ಡಿಎನ್ಎ ಮೂರೂ ಒಂದೇ ಕಡೆ ಬೆರಳು ತೋರಿಸಿದವು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, ಅಫ್ಲಾಟಾಕ್ಸಿನ್ ಅನ್ನು 'ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ' ಎನ್ನುವ ಮೊದಲ ಗುಂಪಿನಲ್ಲಿ ಇಟ್ಟಿದೆ. ಆ ಗುಂಪು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಒಂದು ಹಿಡಿ ಶೇಂಗಾ ಎಷ್ಟು ಅಪಾಯ ಎಂದು ಹೇಳುವುದಿಲ್ಲ.

ಹೆಪಟೈಟಿಸ್ ಬಿ ಇದ್ದರೆ ಅಪಾಯ ಹಲವು ಪಟ್ಟು

ಶಾಂಘೈನಲ್ಲಿ 18,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ದೇಹದಲ್ಲಿ ಅಫ್ಲಾಟಾಕ್ಸಿನ್ ಗುರುತು ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಸುಮಾರು 3 ಪಟ್ಟು, ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ ಸುಮಾರು 7 ಪಟ್ಟು. ಎರಡೂ ಇದ್ದವರಿಗೆ? ಸುಮಾರು 60 ಪಟ್ಟು. ವೈರಸ್‌ನಿಂದ ಲಿವರ್ ಜೀವಕೋಶಗಳು ಸಾಯುತ್ತಾ ಹೊಸದು ಹುಟ್ಟುತ್ತಾ ಇರುತ್ತವೆ. ನಕಲು ಹೆಚ್ಚಾದಷ್ಟೂ ತಪ್ಪು ಉಳಿಯುವ ಅವಕಾಶ ಹೆಚ್ಚು.

ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮಗು ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್, ಆಮೇಲೆ 6, 10 ಮತ್ತು 14ನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆಯ ಜೊತೆ. ಶೇಂಗಾ ಬಿಡಿಸುವ ಮೆಸೇಜ್‌ಗಿಂತ ಈ ಮಾಹಿತಿ ಹಂಚುವುದು ಹೆಚ್ಚು ಉಪಕಾರ.

ಹಾಗಾದರೆ ಹೊಲದಲ್ಲಿ, ಮನೆಯಲ್ಲಿ ಏನು ಮಾಡಬೇಕು?

ಈ ಬೂಸ್ಟು ಮಣ್ಣಿನಲ್ಲೇ ಇರುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಬಿಸಿ ಏರಿದರೆ ಹೊಲದಲ್ಲೇ ಕಾಳಿಗೆ ಸೇರುತ್ತದೆ. ಕಿತ್ತ ಮೇಲೆ ಮಳೆಗೆ ಸಿಕ್ಕು ಹಸಿಯಾಗಿಯೇ ಉಳಿದರೆ ಬೇಗ ಹಬ್ಬುತ್ತದೆ. ನಮ್ಮ ಕಡೆಯ ಮಸಾರಿ ಹೊಲಗಳಿಗೆ ಈ ಎರಡೂ ಹೊಸದಲ್ಲ.

- ಕಿತ್ತ ಬಳ್ಳಿಯನ್ನು ಕಾಯಿ ಮೇಲೆ ಬರುವಂತೆ ಬೋರಲು ಹಾಕಿ ಒಣಗಿಸಿ. ಹಸಿ ಬಳ್ಳಿಯ ಬಣವೆ ಒಟ್ಟಬೇಡಿ.
- ಕಾಯಿ ಅಲ್ಲಾಡಿಸಿದರೆ ಕಾಳು ಗಲಗಲ ಎನ್ನುವವರೆಗೆ ಬಿಸಿಲಿಗೆ ಹಾಕಿ. ಕಾಳಿನ ತೇವಾಂಶ ಶೇ 8ಕ್ಕಿಂತ ಹೆಚ್ಚಿರಬಾರದು. ಮಳೆ ಮೋಡ ಕಂಡರೆ ತಾಡಪತ್ರಿ ಮುಚ್ಚಿ, ಮಳೆ ನಿಂತ ಕೂಡಲೇ ತೆಗೆಯಿರಿ.
- ಕಾಯಿ ಒಡೆಸುವ ಮೊದಲು ಕಾಳು ಮುರಿಯದಿರಲಿ ಎಂದು ನೀರು ಚಿಮುಕಿಸುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿ ಚೀಲ ತುಂಬಿದರೆ ಬೂಸ್ಟಿಗೆ ನಾವೇ ನೀರುಣಿಸಿದಂತೆ.
- ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ.
- ಅಡುಗೆಗೆ ತೆಗೆದುಕೊಳ್ಳುವಾಗ ಹಸಿರು, ಹಳದಿ ಬೂಸ್ಟು ಹಿಡಿದ, ಕಪ್ಪಾದ, ಸುಕ್ಕಾದ, ಕಹಿ ಕಾಳುಗಳನ್ನು ಆರಿಸಿ ತೆಗೆಯಿರಿ.

ಆರಿಸುವುದು ಸಣ್ಣ ಕೆಲಸದಂತೆ ಕಂಡರೂ ಪರಿಣಾಮ ದೊಡ್ಡದು. ಚೀಲದಲ್ಲಿ ವಿಷ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ಶೇಂಗಾಕ್ಕೆ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಮಿತಿ ಕೆಜಿಗೆ 15 ಮೈಕ್ರೋಗ್ರಾಂ, ನೇರ ತಿನ್ನುವುದಕ್ಕೆ 10. ಅಂದರೆ ಒಂದು ಕ್ವಿಂಟಲ್ ಶೇಂಗಾಕ್ಕೆ ಒಂದೂವರೆ ಮಿಲಿಗ್ರಾಂ. ತೀರಾ ಕೆಟ್ಟ ಒಂದೇ ಕಾಳಿನಲ್ಲಿ ಹತ್ತಾರು ಕೆಜಿಯನ್ನು ಮಿತಿ ದಾಟಿಸುವಷ್ಟು ವಿಷ ಇರಬಹುದು.

ತೊಳೆದರೆ, ಉಪ್ಪು ನೀರಲ್ಲಿ ನೆನೆಸಿದರೆ ಹೋಗುತ್ತದೆ ಎಂಬ ಸಲಹೆ ನಂಬಬೇಡಿ. ಹುರಿದರೆ ಒಂದಿಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಬೂಸ್ಟನ್ನು ಒರೆಸಿ ತೆಗೆದರೂ ವಿಷ ಕಾಳಿನೊಳಗೇ ಇರುತ್ತದೆ.

ಆರಿಸಿ ತೆಗೆದ ಕಾಳು ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಯನ್ನು ಯಾವ ಫಾರ್ವರ್ಡ್ ಮೆಸೇಜೂ ಕೇಳುವುದಿಲ್ಲ. ಆರಿಸಿದ ಕಾಳು ಕಡಿಮೆ ದರಕ್ಕೆ ಹೋಗುತ್ತದೆ, ಗಾಣಕ್ಕೆ ಹೋಗುತ್ತದೆ, ಇಲ್ಲವೇ ದನದ ಮುಂದೆ ಬೀಳುತ್ತದೆ. ಗಾಣದಲ್ಲಿ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಶುದ್ಧೀಕರಿಸದ ಎಣ್ಣೆಗೂ ಒಂದಿಷ್ಟು ಬರಬಹುದು. ಆ ಹಿಂಡಿ ತಿಂದ ಎಮ್ಮೆ, ಆಕಳ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ರೂಪದಲ್ಲಿ ವಿಷದ ಸಣ್ಣ ಪಾಲು ಬರುತ್ತದೆ. ಹಾಲು ಕಾಯಿಸಿದರೆ ಅದು ಹೋಗುವುದಿಲ್ಲ. ಹಾಲಿಗೆ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ, ಅಷ್ಟು ಕಟ್ಟುನಿಟ್ಟು. ಏಕೆಂದರೆ ಹಾಲು ಹೆಚ್ಚು ಕುಡಿಯುವವರು ಮಕ್ಕಳು, ಎಳೆಯ ಲಿವರ್ ಏನಾಗುತ್ತದೆ ಎಂದು ಇಲಿಮರಿಗಳಲ್ಲಿ ನೋಡಿದ್ದೇವೆ.

ಹಾಗಾಗಿ ಬೂಸ್ಟು ಹಿಡಿದ ಕಾಳನ್ನು ದನಕ್ಕೂ ಹಾಕಬೇಡಿ, ಕೂಲಿಗೆ ಬಂದವರಿಗೂ ಕೊಡಬೇಡಿ, ಸುಟ್ಟುಬಿಡಿ. ಸೇರು ಎರಡು ಸೇರು ನಷ್ಟವಾಗುತ್ತದೆ ನಿಜ. ಒಣಗಿಸುವ ವಿಧಾನದ ಬಗ್ಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು.

ಇದರಿಂದ ಪ್ರಯೋಜನ ಆಗುತ್ತದೆಯೇ?

ಆಗಿದೆ. ಮೇಲೆ ಹೇಳಿದ ಚಿಡಾಂಗ್‌ನಲ್ಲಿ 1980ರ ದಶಕದಿಂದ ಜನ ಬೂಸ್ಟು ಹಿಡಿಯುವ ಗೋವಿನಜೋಳ ಬಿಟ್ಟು ಅಕ್ಕಿ ಉಣ್ಣತೊಡಗಿದರು. ದೇಹದಲ್ಲಿ ಅಫ್ಲಾಟಾಕ್ಸಿನ್ ಇಳಿಯಿತು. 35 ವರ್ಷದೊಳಗಿನವರಲ್ಲಿ ಲಿವರ್ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು. ಹೆಪಟೈಟಿಸ್ ಲಸಿಕೆ ಪಡೆಯದ ತಲೆಮಾರಿನಲ್ಲೂ ಈ ಇಳಿಕೆ ಕಂಡಿದೆ.

ಫಾರ್ವರ್ಡ್ ಮಾಡುವ ಮುಂಚೆ

'ಇಲಿಗಳಲ್ಲಿ ಕ್ಯಾನ್ಸರ್ ಸಾಬೀತು' ಎಂಬ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಇಲಿಗೆ ಎಷ್ಟು ಕೊಟ್ಟಿದ್ದರು, ಎಷ್ಟು ಕಾಲ? ಮನುಷ್ಯರಲ್ಲಿ ಅದೇ ಗುರುತು ಸಿಕ್ಕಿದೆಯೇ? ತಪ್ಪಿಸಿಕೊಳ್ಳಲು ಏನು ಮಾಡಬೇಕೆಂದು ಮೆಸೇಜ್ ಹೇಳುತ್ತದೆಯೇ, ಬರೀ ಹೆದರಿಸುತ್ತದೆಯೇ? ಮೂರಕ್ಕೂ ಉತ್ತರ ಇಲ್ಲದ ಮೆಸೇಜನ್ನು ಅಲ್ಲಿಗೇ ನಿಲ್ಲಿಸಿ. ಶೇಂಗಾ ವಿಷಯದಲ್ಲಿ ಮೂರಕ್ಕೂ ಉತ್ತರ ಇದೆ: ಚೆನ್ನಾಗಿ ಒಣಗಿಸಿ, ಆರಿಸಿ, ಧೈರ್ಯವಾಗಿ ತಿನ್ನಿ.